ಸರ್ಕಾರಿ ಆಸ್ಪತ್ರೆಯಲ್ಲೂ ಚೀನಾದ ರೋಗಿ ಹಣ ಕಟ್ಟುವುದೇಕೆ?

ಪ್ರಶ್ನೆ: ಚೀನಾದಲ್ಲಿ ಇರುವುದು ಕಮ್ಯುನಿಸ್ಟ್ ಪಕ್ಷದ ಆಡಳಿತ. ಅಲ್ಲಿ ಹಿಂದೆ ಹಳ್ಳಿಹಳ್ಳಿಗೂ ‘ಬರಿಗಾಲ ವೈದ್ಯರು’ ಇದ್ದರು, ಚಿಕಿತ್ಸೆಗೆ ಹೆಚ್ಚು ಖರ್ಚೇ ಇರಲಿಲ್ಲ ಎಂದು ಹಿರಿಯರು ಹೇಳುವುದನ್ನು ಕೇಳಿದ್ದೇನೆ. ಆದರೆ ಮುಂಗಡ ಹಣ ಕಟ್ಟದೆ ಅಲ್ಲಿನ ಆಸ್ಪತ್ರೆಗಳಲ್ಲಿ ದಾಖಲು ಮಾಡಿಕೊಳ್ಳುತ್ತಿರಲಿಲ್ಲ, ಕಾಯಿಲೆ ಬಿದ್ದವರ ಮನೆ ಸಾಲದಲ್ಲಿ ಮುಳುಗುತ್ತಿತ್ತು ಎಂದು ಈಚೆಗೆ ಓದಿದೆ. ಎರಡರಲ್ಲಿ ಯಾವುದು ನಿಜ? ಆಸ್ಪತ್ರೆಗಳನ್ನು ಖಾಸಗಿಯವರಿಗೆ ಮಾರಿದ್ದರಿಂದ ಹೀಗಾಯಿತೆ? ಈಗ ಅಲ್ಲಿ ಎಲ್ಲರಿಗೂ ವಿಮೆ ಇದೆ ಎನ್ನುತ್ತಾರೆ. ಹಾಗಾದರೆ ಸಮಸ್ಯೆ ಮುಗಿಯಿತೆ?

– ಓದುಗರೊಬ್ಬರು, ಹಾವೇರಿ

ಉತ್ತರ: ನೀವು ಹಿರಿಯರಿಂದ ಕೇಳಿದ್ದೂ ನಿಜ, ಓದಿದ್ದೂ ನಿಜ. ಒಂದೇ ದೇಶದ ಬಗ್ಗೆ ಇಷ್ಟು ಬೇರೆ ಬೇರೆಯಾದ ಎರಡು ಮಾತುಗಳು ಹೇಗೆ ನಿಜವಾಗುತ್ತವೆ ಎಂಬ ಗೊಂದಲ ಯಾರಿಗಾದರೂ ಬರುವಂಥದ್ದೇ. ಹಿರಿಯರು ಹೇಳಿದ್ದು 1970ರ ದಶಕದ ಚೀನಾ. ನೀವು ಓದಿದ್ದು 1990ರ ದಶಕ ಮತ್ತು ಅದರ ನಂತರದ ಚೀನಾ. ನಡುವೆ ಆ ದೇಶ ಯೋಜಿತ ಆರ್ಥಿಕತೆಯಿಂದ ಮಾರುಕಟ್ಟೆ ಆರ್ಥಿಕತೆಯ ಕಡೆಗೆ ಹೊರಳಿತು. ಆ ಹೊರಳಿನಲ್ಲಿ ಚಿಕಿತ್ಸೆಯ ಖರ್ಚು ಯಾರ ಮೇಲೆ ಬಿತ್ತು ಎಂಬುದೇ ನಿಮ್ಮ ಪ್ರಶ್ನೆಯ ತಿರುಳು.

ಮುಂದೆ ಹೋಗುವ ಮೊದಲು ಒಂದು ವಿಷಯವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ರೋಗಿಗೆ ಪುಕ್ಕಟೆಯಾಗಿ ಸಿಗುವ ಚಿಕಿತ್ಸೆಗೂ ಖರ್ಚು ಇದ್ದೇ ಇರುತ್ತದೆ. ವೈದ್ಯರ ಸಂಬಳ, ಔಷಧಿಯ ಬೆಲೆ, ಆಸ್ಪತ್ರೆಯ ವಿದ್ಯುತ್ ಬಿಲ್, ಇವನ್ನೆಲ್ಲ ಯಾರಾದರೂ ಕೊಡಲೇಬೇಕು. ಇದಕ್ಕೆ ಮೂರು ದಾರಿಗಳಿವೆ. ಸರ್ಕಾರ ತೆರಿಗೆಯ ಹಣದಿಂದ ಕೊಡಬಹುದು. ಜನರು ಆರೋಗ್ಯವಾಗಿದ್ದಾಗಲೇ ತಲಾ ಇಷ್ಟಿಷ್ಟು ಎಂದು ಹಾಕಿ ಕೂಡಿಸಿಟ್ಟ ನಿಧಿಯಿಂದ ಕೊಡಬಹುದು. ವಿಮೆ ಎಂದರೆ ಇದೇ. ಇವೆರಡೂ ಇಲ್ಲದಿದ್ದರೆ, ಕಾಯಿಲೆ ಬಿದ್ದವರೇ ಕಾಯಿಲೆ ಬಿದ್ದ ದಿನ ಕೈಯಿಂದ ಕೊಡಬೇಕು. ಮೊದಲಿನ ಎರಡು ದಾರಿಗಳು ಕಿರಿದಾದಷ್ಟೂ ಮೂರನೆಯದು ಅಗಲವಾಗುತ್ತದೆ. ಚೀನಾದಲ್ಲಿ ಆದದ್ದು ಇದೇ. ಈಗ ಒಂದೊಂದಾಗಿ ನೋಡೋಣ.

ಮೊದಲು ಹಣ ಎಲ್ಲಿಂದ ಬರುತ್ತಿತ್ತು?

ಸುಧಾರಣೆಗೆ ಮುಂಚಿನ ಚೀನಾದಲ್ಲಿ ಮೂರು ಬಗೆಯ ಏರ್ಪಾಡುಗಳಿದ್ದವು. ಕಾರ್ಖಾನೆಗಳ ಕೆಲಸಗಾರರಿಗೆ 1951ರಲ್ಲಿ ಕಾರ್ಮಿಕ ವಿಮೆ ಬಂತು. ಅದರ ಖರ್ಚನ್ನು ಕಾರ್ಖಾನೆಯೇ ಹೊರುತ್ತಿತ್ತು, ಮನೆಯವರ ಚಿಕಿತ್ಸೆಯಲ್ಲೂ ಸುಮಾರು ಅರ್ಧ ಪಾಲು ಕೊಡುತ್ತಿತ್ತು. ಸರ್ಕಾರಿ ನೌಕರರಿಗೆ 1952ರಲ್ಲಿ ಇನ್ನೊಂದು ಯೋಜನೆ ಬಂತು; ಅದರ ಹಣ ಖಜಾನೆಯಿಂದ ಬರುತ್ತಿತ್ತು. ಆದರೆ ದೇಶದ ಬಹುಪಾಲು ಜನ ಇದ್ದದ್ದು ಹಳ್ಳಿಗಳಲ್ಲಿ. ಅವರಿಗಾಗಿ ಇದ್ದದ್ದು ಸಹಕಾರಿ ವೈದ್ಯಕೀಯ ವ್ಯವಸ್ಥೆ.

ಈ ಸಹಕಾರಿ ವ್ಯವಸ್ಥೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಮುಂದಿನದೆಲ್ಲ ಇದರ ಮೇಲೆ ನಿಂತಿದೆ. ಆಗ ಹಳ್ಳಿಯ ಜಮೀನು ಕಮ್ಯೂನಿನದು, ಅಂದರೆ ಊರವರ ಸಾಮೂಹಿಕ ಒಡೆತನದ್ದು. ಎಲ್ಲರೂ ಒಟ್ಟಾಗಿ ದುಡಿಯುತ್ತಿದ್ದರು. ಯಾರು ಎಷ್ಟು ದುಡಿದರು ಎಂಬುದನ್ನು ಅಂಕಗಳಲ್ಲಿ ಬರೆದಿಡುತ್ತಿದ್ದರು. ಸುಗ್ಗಿಯಾದ ಮೇಲೆ ಆದಾಯವನ್ನು ಅಂಕದ ಲೆಕ್ಕದಲ್ಲಿ ಹಂಚುವ ಮೊದಲೇ ಒಂದು ಪಾಲನ್ನು ಊರಿನ ಕಲ್ಯಾಣ ನಿಧಿಗೆ ತೆಗೆದಿಡುತ್ತಿದ್ದರು. ಆ ನಿಧಿಯಿಂದ ಒಂದಿಷ್ಟು, ಮನೆಗಳಿಂದ ತಲೆಗಿಷ್ಟೆಂದು ವರ್ಷದ ಸಣ್ಣ ವಂತಿಗೆ ಒಂದಿಷ್ಟು. ಊರಿನ ಔಷಧಿ ಪೆಟ್ಟಿಗೆ ತುಂಬುತ್ತಿದ್ದದ್ದು ಈ ಹಣದಿಂದ. ದೊಡ್ಡ ಕಾಯಿಲೆಯವರನ್ನು ಮೇಲಿನ ಆಸ್ಪತ್ರೆಗೆ ಕಳಿಸಿದಾಗ ಅಲ್ಲಿನ ಖರ್ಚಿನಲ್ಲಿ ಒಂದು ಪಾಲನ್ನೂ ಇದೇ ಹಣ ತುಂಬುತ್ತಿತ್ತು.

ಬರಿಗಾಲ ವೈದ್ಯರು ಬಂದದ್ದೂ ಇದೇ ಏರ್ಪಾಡಿನೊಳಗಿಂದ. ಆ ಹೆಸರು 1968ರಿಂದ ದೇಶದೆಲ್ಲೆಡೆ ಹರಡಿತು. ಅವರು ಊರಿನವರೇ ಆದ ಯುವಕ ಯುವತಿಯರು. ಕೆಲವು ತಿಂಗಳು ತರಬೇತಿ ಪಡೆದು ಊರಿಗೆ ಮರಳಿ ಅರ್ಧ ದಿನ ಹೊಲದಲ್ಲಿ, ಅರ್ಧ ದಿನ ಔಷಧಿ ಪೆಟ್ಟಿಗೆಯೊಂದಿಗೆ ಕೆಲಸ ಮಾಡುತ್ತಿದ್ದರು. ಲಸಿಕೆ ಹಾಕುವುದು, ಬಾವಿ ನೀರನ್ನು ಶುದ್ಧವಾಗಿಡುವುದು, ಬಾಣಂತಿಯರನ್ನು ನೋಡಿಕೊಳ್ಳುವುದು, ಜ್ವರ ಭೇದಿಗಳಿಗೆ ಔಷಧಿ ಕೊಡುವುದು ಅವರ ಕೆಲಸ. ಇದಕ್ಕೂ ಹೊಲದ ಕೆಲಸದಂತೆಯೇ ಅಂಕ ಸಿಗುತ್ತಿತ್ತು. ಅಂದರೆ ಅವರ ಸಂಬಳ ಬರುತ್ತಿದ್ದದ್ದು ಊರಿನ ಫಸಲಿನಿಂದ.

1970ರ ದಶಕದ ನಡುವಿನ ಹೊತ್ತಿಗೆ ಸುಮಾರು ಶೇ 90ರಷ್ಟು ಹಳ್ಳಿಗಳಲ್ಲಿ ಈ ವ್ಯವಸ್ಥೆ ಇತ್ತು. 1950ರ ಸುಮಾರಿಗೆ ಹುಟ್ಟಿದ ಪ್ರತಿ ಸಾವಿರ ಮಕ್ಕಳಲ್ಲಿ 200ರಷ್ಟು ವರ್ಷ ತುಂಬುವ ಮೊದಲೇ ಸಾಯುತ್ತಿದ್ದರು. 1980ರ ದಶಕದ ಆರಂಭಕ್ಕೆ ಆ ಸಂಖ್ಯೆ 40ಕ್ಕಿಂತ ಕೆಳಗಿಳಿಯಿತು. ಇದಕ್ಕೆ ಆಹಾರ, ನೈರ್ಮಲ್ಯ, ಶಿಕ್ಷಣ ಎಲ್ಲವೂ ಕಾರಣ. ಆದರೂ ಬರಿಗಾಲ ವೈದ್ಯರ ಪಾಲು ಸಣ್ಣದಲ್ಲ. ಹಾಗೆಂದು ಎಲ್ಲವೂ ಚೆನ್ನಾಗಿತ್ತು ಎಂದುಕೊಳ್ಳಬಾರದು. ಒಂದು ಊರಿನ ನಿಧಿ ಚಿಕ್ಕದು. ಒಂದೇ ವರ್ಷ ನಾಲ್ಕು ಜನರಿಗೆ ದೊಡ್ಡ ಕಾಯಿಲೆ ಬಂದರೆ ನಿಧಿ ಖಾಲಿ. ಬಡ ಊರಿನ ನಿಧಿಯೂ ಬಡವೇ. ತರಬೇತಿಯೂ ಕಡಿಮೆ. ನಿಮ್ಮ ಹಿರಿಯರು ಹೇಳಿದ್ದು ಸರಿ. ಅದಕ್ಕೆ ಇಷ್ಟನ್ನು ಸೇರಿಸಿಕೊಳ್ಳಿ.

ಆ ಹಣ ಏಕೆ ನಿಂತಿತು?

1978ರ ಡಿಸೆಂಬರಿನಲ್ಲಿ ಚೀನಾದ ಆರ್ಥಿಕ ಸುಧಾರಣೆ ಶುರುವಾಯಿತು. ಮೊದಲ ಬದಲಾವಣೆ ಆದದ್ದು ಹೊಲದಲ್ಲಿ. ಒಟ್ಟಾಗಿ ಉಳುವುದನ್ನು ಬಿಟ್ಟು ಜಮೀನನ್ನು ಮನೆಮನೆಗೆ ಸಾಗುವಳಿಗೆ ಹಂಚಿದರು. ಸರ್ಕಾರಕ್ಕೆ ಸೇರಬೇಕಾದದ್ದನ್ನು ಕೊಟ್ಟು ಉಳಿದದ್ದನ್ನು ರೈತ ತಾನೇ ಇಟ್ಟುಕೊಳ್ಳಬಹುದು, ಮಾರಬಹುದು. ಬೆಳೆ ಹೆಚ್ಚಿತು, ರೈತರ ಆದಾಯವೂ ಹೆಚ್ಚಿತು. ಕೋಟ್ಯಂತರ ಜನರ ಹೊಟ್ಟೆ ತುಂಬಿತು. ಇದು ದೊಡ್ಡ ಸಾಧನೆ ಎಂಬುದರಲ್ಲಿ ಎರಡು ಮಾತಿಲ್ಲ.

ಆದರೆ ಇದರ ಜೊತೆಗೆ ಇನ್ನೊಂದು ಸಂಗತಿ ನಡೆಯಿತು. 1980ರ ದಶಕದ ನಡುವಿನ ಹೊತ್ತಿಗೆ ಕಮ್ಯೂನುಗಳು ಮುಗಿದಿದ್ದವು. ಒಟ್ಟು ಫಸಲೇ ಇಲ್ಲದ ಮೇಲೆ ಅದರಿಂದ ತೆಗೆದಿಡುವ ಪಾಲೂ ಇಲ್ಲ, ಬರೆದಿಡುವ ಅಂಕಗಳೂ ಇಲ್ಲ. ಕೆರೆ ಬತ್ತಿದ ಮೇಲೆ ತೂಬು ಗಟ್ಟಿಯಾಗಿದ್ದು ಏನು ಬಂತು? ಸಹಕಾರಿ ವೈದ್ಯಕೀಯ ವ್ಯವಸ್ಥೆ ವಿಫಲವಾಯಿತೆಂದು ಯಾರೂ ತೀರ್ಮಾನಿಸಿರಲಿಲ್ಲ. ಅದಕ್ಕೆ ಹಣ ಹರಿದುಬರುತ್ತಿದ್ದ ಮೂಲವೇ ಇಲ್ಲವಾಯಿತು. ಹತ್ತರಲ್ಲಿ ಒಂಬತ್ತು ಹಳ್ಳಿಗಳಲ್ಲಿದ್ದ ವ್ಯವಸ್ಥೆ 1985ರ ಸುಮಾರಿಗೆ ಶೇ 5ರಷ್ಟು ಹಳ್ಳಿಗಳಲ್ಲಿ ಮಾತ್ರ ಉಳಿಯಿತು. ಅದೇ ವರ್ಷ ‘ಬರಿಗಾಲ ವೈದ್ಯ’ ಎಂಬ ಪದವಿಯನ್ನೂ ಕೈಬಿಟ್ಟು, ಪರೀಕ್ಷೆ ಪಾಸಾದವರನ್ನು ‘ಹಳ್ಳಿ ವೈದ್ಯ’ರೆಂದು ಕರೆದರು. ಬಹಳ ಮಂದಿ ಹೊಲಕ್ಕೆ ಮರಳಿದರು. ಉಳಿದವರು ಸ್ವಂತ ದವಾಖಾನೆ ಇಟ್ಟುಕೊಂಡು ಔಷಧಿ, ಇಂಜೆಕ್ಷನ್ ಮಾರಿ ಬದುಕತೊಡಗಿದರು. ಬಾವಿ ನೀರು ನೋಡಿಕೊಂಡರೆ ಅವರಿಗೆ ಈಗ ಯಾರೂ ಹಣ ಕೊಡುತ್ತಿರಲಿಲ್ಲ. ಇಂಜೆಕ್ಷನ್ ಚುಚ್ಚಿದರೆ ಕೊಡುತ್ತಿದ್ದರು.

ಪೇಟೆಯಲ್ಲೂ ಹೀಗೆಯೇ, ಸ್ವಲ್ಪ ತಡವಾಗಿ. ಕಾರ್ಮಿಕರ ಚಿಕಿತ್ಸೆಯ ಹೊಣೆ ಆಯಾ ಕಾರ್ಖಾನೆಯದೇ ಆಗಿತ್ತು. ಮಾರುಕಟ್ಟೆಯಲ್ಲಿ ಪೈಪೋಟಿ ಶುರುವಾದಾಗ ನಷ್ಟದಲ್ಲಿದ್ದ ಕಾರ್ಖಾನೆಗಳಿಗೆ ಸಂಬಳ ಕೊಡುವುದೇ ಕಷ್ಟವಾಯಿತು, ಆಸ್ಪತ್ರೆ ಬಿಲ್ಲು ದೂರದ ಮಾತು. 1990ರ ದಶಕದ ಕೊನೆಯಲ್ಲಿ ಸರ್ಕಾರಿ ಉದ್ಯಮಗಳು ಎರಡು ಕೋಟಿಗೂ ಹೆಚ್ಚು ಜನರನ್ನು ಕೆಲಸದಿಂದ ಬಿಟ್ಟವು. ಕೆಲಸದ ಜೊತೆಗೆ ಅವರ ಚಿಕಿತ್ಸೆಯ ಆಸರೆಯೂ ಹೋಯಿತು.

ಆಸ್ಪತ್ರೆಗಳನ್ನು ಮಾರಿದ್ದರಿಂದ ಹೀಗಾಯಿತೆ?

ಇಲ್ಲಿ ಬಹಳ ಜನ ಎಡವುತ್ತಾರೆ, ಆದ್ದರಿಂದ ಸ್ವಲ್ಪ ನಿಂತು ನೋಡೋಣ. ಆಸ್ಪತ್ರೆ ಸರ್ಕಾರದ್ದಾದರೆ ಚಿಕಿತ್ಸೆ ಉಚಿತ, ಖಾಸಗಿಯಾದರೆ ದುಡ್ಡು ಎಂದು ನಾವು ಎಣಿಸುತ್ತೇವೆ. ಆದರೆ ಆಸ್ಪತ್ರೆಯ ಒಡೆತನ ಯಾರದು ಎಂಬುದು ಒಂದು ಪ್ರಶ್ನೆ, ಅದರ ಖರ್ಚು ಯಾರದು ಎಂಬುದು ಇನ್ನೊಂದು ಪ್ರಶ್ನೆ. ಕೆನಡಾದಲ್ಲಿ ಹೆಚ್ಚಿನ ವೈದ್ಯರು ಸರ್ಕಾರಿ ನೌಕರರಲ್ಲ, ಸ್ವಂತ ವೃತ್ತಿ ನಡೆಸುವವರು. ಆದರೂ ಅವರನ್ನು ಕಾಣಲು ಹೋದ ರೋಗಿ ಹಣ ಕೊಡುವುದಿಲ್ಲ. ತೆರಿಗೆಯ ಹಣದಿಂದ ಸರ್ಕಾರ ಕೊಡುತ್ತದೆ. ಚೀನಾದಲ್ಲಿ ಇದರ ತಿರುವುಮುರುವು ಆಯಿತು. ದೊಡ್ಡ ಆಸ್ಪತ್ರೆಗಳಲ್ಲಿ ಹೆಚ್ಚಿನವು ಸರ್ಕಾರದ ಒಡೆತನದಲ್ಲೇ ಉಳಿದವು. ಅವುಗಳಿಗೆ ಹಣ ಕೊಡುವುದನ್ನು ಮಾತ್ರ ಸರ್ಕಾರ ಕಡಿಮೆ ಮಾಡಿತು.

1990ರ ದಶಕದ ಆರಂಭಕ್ಕೆ ಆಸ್ಪತ್ರೆಗಳ ಆದಾಯದಲ್ಲಿ ಸರ್ಕಾರ ಕೊಡುತ್ತಿದ್ದದ್ದು ಹತ್ತರಲ್ಲಿ ಒಂದು ಪಾಲಿನ ಆಸುಪಾಸು. ಉಳಿದದ್ದನ್ನು ಆಸ್ಪತ್ರೆ ತಾನೇ ದುಡಿದುಕೊಳ್ಳಬೇಕು. ಹಾಗಿದ್ದರೆ ಎಲ್ಲದಕ್ಕೂ ತಕ್ಕ ಬೆಲೆ ಇಡಲಿ ಎನ್ನುತ್ತೀರೇನೋ. ಅದಕ್ಕೂ ಅವಕಾಶವಿರಲಿಲ್ಲ. ಬಡವರಿಗೆ ಹೊರೆಯಾಗಬಾರದೆಂಬ ಒಳ್ಳೆಯ ಉದ್ದೇಶದಿಂದ ಸರ್ಕಾರ ವೈದ್ಯರ ತಪಾಸಣೆ, ಹಾಸಿಗೆ, ಶುಶ್ರೂಷೆ, ಸಾಮಾನ್ಯ ಶಸ್ತ್ರಚಿಕಿತ್ಸೆಗಳ ದರವನ್ನು ನಿಜವಾದ ಖರ್ಚಿಗಿಂತ ಕೆಳಗೇ ಹಿಡಿದಿಟ್ಟಿತು. ಅದರ ಬದಲಿಗೆ ಎರಡು ಕಡೆ ಬಾಗಿಲು ತೆರೆಯಿತು. ಸಿ.ಟಿ. ಸ್ಕ್ಯಾನಿನಂಥ ಹೊಸ ಪರೀಕ್ಷೆಗಳಿಗೆ ಖರ್ಚಿಗಿಂತ ಹೆಚ್ಚು ದರ ಇಡಬಹುದು. ಔಷಧಿಯನ್ನು ಕೊಂಡ ಬೆಲೆಯ ಮೇಲೆ ಶೇ 15 ಸೇರಿಸಿ ಮಾರಬಹುದು.

ಈ ಶೇ 15 ಏನು ಮಾಡಿತು ಎಂಬುದನ್ನು ಲೆಕ್ಕ ಹಾಕಿ ನೋಡಿ. ಒಂದೇ ಸೋಂಕಿಗೆ ಎರಡು ಔಷಧಿಗಳಿವೆ ಎನ್ನೋಣ. ಒಂದರ ಬೆಲೆ 10 ಯುವಾನ್ (ಚೀನಾದ ಹಣ), ಇನ್ನೊಂದರದು 100. ಎರಡರಿಂದಲೂ ಗುಣವಾಗುತ್ತದೆ. ಮೊದಲನೆಯದನ್ನು ಬರೆದರೆ ಆಸ್ಪತ್ರೆಗೆ ಉಳಿಯುವುದು ಒಂದೂವರೆ ಯುವಾನ್. ಎರಡನೆಯದನ್ನು ಬರೆದರೆ 15 ಯುವಾನ್. ವೈದ್ಯರ ಬೋನಸ್ಸು ವಿಭಾಗದ ಆದಾಯಕ್ಕೆ ತಕ್ಕಂತೆ ಬರುತ್ತಿತ್ತು. ಸಂಬಳ ಕಡಿಮೆ, ಮನೆ ನಡೆಯಬೇಕು. ಚೀಟಿಯಲ್ಲಿ ಯಾವ ಔಷಧಿ ಬರುತ್ತದೆ ಎಂಬುದನ್ನು ಊಹಿಸುವುದು ಕಷ್ಟವಲ್ಲ. ವೈದ್ಯರೆಲ್ಲ ಕೆಟ್ಟವರಾದರು ಎಂದು ಇದರ ಅರ್ಥವಲ್ಲ. ರೋಗಿಯ ಮಾತನ್ನು ಹತ್ತು ನಿಮಿಷ ಕೇಳಿ ‘ಔಷಧಿ ಬೇಡ, ವಿಶ್ರಾಂತಿ ಸಾಕು’ ಎಂದು ಹೇಳಿ ಕಳಿಸುವ ಒಳ್ಳೆಯ ವೈದ್ಯರಿಂದ ಆಸ್ಪತ್ರೆಗೆ ನಷ್ಟವಾಗುವಂತೆ ದರಪಟ್ಟಿಯೇ ಇತ್ತು.

ಕ್ರಮೇಣ ಆಸ್ಪತ್ರೆಗಳ ಆದಾಯದಲ್ಲಿ ಅರ್ಧದ ಹತ್ತಿರದಷ್ಟು ಔಷಧಿ ಮಾರಾಟದಿಂದಲೇ ಬರತೊಡಗಿತು. ನೆಗಡಿ ಜ್ವರಕ್ಕೂ ಡ್ರಿಪ್ ಹಾಕುವುದು ವಾಡಿಕೆಯಾಯಿತು. 2009ರಲ್ಲಿ ಚೀನಾದಲ್ಲಿ ಬಳಸಿದ ಡ್ರಿಪ್ ಬಾಟಲಿಗಳನ್ನು ಜನಸಂಖ್ಯೆಗೆ ಹಂಚಿದರೆ ತಲೆಗೆ ಸುಮಾರು 8 ಬಾಟಲಿ ಎಂದು ಅಲ್ಲಿನ ಅಧಿಕಾರಿಗಳೇ ಹೇಳಿದರು. ಆರೋಗ್ಯವಂತರನ್ನೂ, ಹಸುಗೂಸುಗಳನ್ನೂ ಸೇರಿಸಿ ಮಾಡಿದ ಸರಾಸರಿ ಇದು.

ಇದರಿಂದ ಜನರಿಗೆ ಏನಾಯಿತು?

ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನರು ಕೈಯಿಂದ ಕೊಡುತ್ತಿದ್ದದ್ದು 1978ರಲ್ಲಿ ಸುಮಾರು ಶೇ 20. 2001ರ ಹೊತ್ತಿಗೆ ಅದು ಶೇ 60ಕ್ಕೆ ಏರಿತ್ತು. ಅದೇ ಅವಧಿಯಲ್ಲಿ ಸರ್ಕಾರದ ಪಾಲು ಸುಮಾರು ಮೂರರಲ್ಲಿ ಒಂದರಿಂದ ಆರರಲ್ಲಿ ಒಂದಕ್ಕೆ ಇಳಿಯಿತು. ಆರ್ಥಿಕತೆ ವರ್ಷವರ್ಷವೂ ಬೆಳೆಯುತ್ತಿದ್ದ ಕಾಲ ಇದು ಎಂಬುದನ್ನು ಮರೆಯಬೇಡಿ. ದೇಶದಲ್ಲಿ ಹಣ ಹೆಚ್ಚಿತ್ತು. ಅದನ್ನು ಕಾಯಿಲೆಗೆಂದು ಮುಂಚಿತವಾಗಿ ಕೂಡಿಸುವವರು ಇರಲಿಲ್ಲ.

2003ರಲ್ಲಿ ಚೀನಾದ ಹಳ್ಳಿಗರ ತಲಾ ನಿವ್ವಳ ಆದಾಯ ವರ್ಷಕ್ಕೆ ಸುಮಾರು 2,600 ಯುವಾನ್. ಒಂದು ಸಾಮಾನ್ಯ ಆಸ್ಪತ್ರೆಯಲ್ಲಿ ಒಮ್ಮೆ ಒಳರೋಗಿಯಾಗಿ ಸೇರಿದರೆ ಆಗುತ್ತಿದ್ದ ಸರಾಸರಿ ಖರ್ಚು ಅದಕ್ಕಿಂತ ಹೆಚ್ಚು. ಸೇರುವ ಮುಂಚೆ ಠೇವಣಿ ಕಟ್ಟಬೇಕು, ಅದು ಮುಗಿದರೆ ಮತ್ತೆ ಕಟ್ಟಬೇಕು. ನೀವು ಓದಿದ್ದು ಇದೇ. ಹಳ್ಳಿಗರಲ್ಲಿ ಐದರಲ್ಲಿ ನಾಲ್ವರಿಗೆ ಯಾವ ವಿಮೆಯೂ ಇರಲಿಲ್ಲ. ಹಂದಿ, ದನ, ಕೂಡಿಟ್ಟ ಕಾಳು ಮಾರಿ ಆಸ್ಪತ್ರೆಗೆ ಕಟ್ಟುವುದು, ನೆಂಟರಿಷ್ಟರಲ್ಲಿ ಸಾಲ ಮಾಡುವುದು, ವೈದ್ಯರು ಸೇರಿ ಎಂದರೂ ಸೇರದೆ ಮನೆಗೆ ಮರಳುವುದು ಸಾಮಾನ್ಯವಾಯಿತು. ‘ವೈದ್ಯರನ್ನು ಕಾಣುವುದು ಕಷ್ಟ, ಕಂಡರೆ ದುಬಾರಿ’ ಎಂಬ ಮಾತು ಜನರ ಬಾಯಲ್ಲಿ ಗಾದೆಯಂತಾಯಿತು. 2005ರಲ್ಲಿ ಸರ್ಕಾರದ್ದೇ ಸಂಶೋಧನಾ ಸಂಸ್ಥೆಯೊಂದು ಆವರೆಗಿನ ವೈದ್ಯಕೀಯ ಸುಧಾರಣೆ ಒಟ್ಟಾರೆ ಯಶಸ್ವಿಯಾಗಿಲ್ಲ ಎಂದು ಬಹಿರಂಗವಾಗಿ ಹೇಳಿತು.

ಮಾರುಕಟ್ಟೆಗೆ ಹೊರಳಿದ ಎಲ್ಲ ದೇಶಗಳಿಗೂ ಹೀಗೇ ಆಯಿತೆ ಎಂದು ನೀವು ಕೇಳಬಹುದು. ವಿಯೆಟ್ನಾಮಿನಲ್ಲಿ ಹೆಚ್ಚು ಕಡಿಮೆ ಹೀಗೇ ಆಯಿತು: 1986ರಲ್ಲಿ ಸುಧಾರಣೆ, 1989ರಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಶುಲ್ಕ, 1992ರಲ್ಲಿ ವಿಮೆಯ ಆರಂಭ. ಆದರೆ ಈಗಿನ ಜೆಕ್ ಗಣರಾಜ್ಯದಲ್ಲಿ 1989ರಲ್ಲಿ ಹಳೆಯ ಆಡಳಿತ ಬಿದ್ದ ಎರಡೇ ವರ್ಷಗಳಲ್ಲಿ ಕಡ್ಡಾಯ ಆರೋಗ್ಯ ವಿಮೆಯ ಕಾನೂನು ಬಂತು. ಸಂಬಳದ ಒಂದು ಪಾಲು ನೇರವಾಗಿ ವಿಮಾ ನಿಧಿಗೆ ಹೋಗತೊಡಗಿತು. ಅಲ್ಲಿಯೂ ಮಾರುಕಟ್ಟೆ ಬಂತು, ಖಾಸಗಿ ವೈದ್ಯರೂ ಬಂದರು, ಆದರೆ ರೋಗಿಯ ಮೇಲೆ ಹೊರೆ ಈ ಪರಿ ಬೀಳಲಿಲ್ಲ. ಹಳೆಯ ನಿಧಿ ಹೋಗುವಾಗ ಹೊಸ ನಿಧಿ ಸಿದ್ಧವಿತ್ತೆ ಇಲ್ಲವೆ ಎಂಬುದೇ ವ್ಯತ್ಯಾಸ. ಚೀನಾದ ಹಳ್ಳಿಗಳಲ್ಲಿ ಒಂದು ಹೋಗಿ ಇನ್ನೊಂದು ಬರುವುದಕ್ಕೆ ಸುಮಾರು ಇಪ್ಪತ್ತು ವರ್ಷ ಹಿಡಿಯಿತು.

ಮತ್ತೆ ನಿಧಿ ಕಟ್ಟಿದ್ದು ಹೇಗೆ?

ಪೇಟೆಯ ನೌಕರರಿಗೆ 1998ರಲ್ಲಿ ಹೊಸ ವಿಮೆ ಬಂತು. ಸಂಬಳದ ಶೇ 6ರಷ್ಟನ್ನು ಮಾಲೀಕರು, ಶೇ 2ರಷ್ಟನ್ನು ನೌಕರರು ಕಟ್ಟಬೇಕು. ಹಣ ಈಗ ಕಾರ್ಖಾನೆಯ ತಿಜೋರಿಯ ಬದಲು ಇಡೀ ನಗರದ ನಿಧಿಗೆ ಹೋಗುತ್ತದೆ. ಒಂದು ಕಾರ್ಖಾನೆ ಮುಳುಗಿದರೂ ನಿಧಿ ಮುಳುಗುವುದಿಲ್ಲ. ಆದರೆ ಇದು ನೌಕರರಿಗೆ ಮಾತ್ರ. ಅವರ ಹೆಂಡತಿ ಮಕ್ಕಳು ಹೊರಗೇ ಉಳಿದರು.

ಹಳ್ಳಿಗಳ ಸರದಿ ಬಂದದ್ದು 2003ರಲ್ಲಿ. ಆ ವರ್ಷವೇ ಸಾರ್ಸ್ ಎಂಬ ಉಸಿರಾಟದ ಸೋಂಕು ರೋಗ ಹಬ್ಬಿತು. ಖರ್ಚಿಗೆ ಹೆದರಿ ರೋಗಿಗಳು ಆಸ್ಪತ್ರೆಯಿಂದ ದೂರ ಉಳಿದರೆ ರೋಗ ಇನ್ನಷ್ಟು ಹರಡುತ್ತದೆಂದು ಸರ್ಕಾರ ಬಡ ರೋಗಿಗಳ ಸಾರ್ಸ್ ಚಿಕಿತ್ಸೆಯನ್ನು ಉಚಿತಗೊಳಿಸಬೇಕಾಯಿತು. ಕೈಯಲ್ಲಿ ಹಣವಿದ್ದವರಿಗೆ ಮಾತ್ರ ಚಿಕಿತ್ಸೆ ಎಂಬ ಏರ್ಪಾಡು ಹಣವಿದ್ದವರನ್ನೂ ಕಾಪಾಡುವುದಿಲ್ಲ ಎಂಬುದು ಎಲ್ಲರಿಗೂ ಮನವರಿಕೆಯಾಯಿತು. ಹೊಸ ಗ್ರಾಮೀಣ ಸಹಕಾರಿ ವಿಮೆ ಪ್ರಯೋಗಾರ್ಥವಾಗಿ ಶುರುವಾದದ್ದು ಇದೇ ವರ್ಷ. ಮಧ್ಯ ಮತ್ತು ಪಶ್ಚಿಮದ ಬಡ ಪ್ರಾಂತ್ಯಗಳಲ್ಲಿ ತಲಾ 30 ಯುವಾನ್: ರೈತರಿಂದ 10, ಸ್ಥಳೀಯ ಸರ್ಕಾರಗಳಿಂದ 10, ಕೇಂದ್ರದಿಂದ 10. ಹಳೆಯ ಸಹಕಾರಿ ವ್ಯವಸ್ಥೆಗೂ ಇದಕ್ಕೂ ಎರಡು ವ್ಯತ್ಯಾಸ. ನಿಧಿ ಒಂದು ಊರಿನದಲ್ಲ, ಇಡೀ ಕೌಂಟಿಯದು. ಅಂದರೆ ನಮ್ಮ ತಾಲ್ಲೂಕಿನಂಥ ದೊಡ್ಡ ಘಟಕದ್ದು. ಜೊತೆಗೆ ಸರ್ಕಾರವೇ ಮೂರರಲ್ಲಿ ಎರಡು ಪಾಲು ಹಾಕಿತು.

2007ರಲ್ಲಿ ಪೇಟೆಯ ಮಕ್ಕಳು, ವೃದ್ಧರು, ಕೆಲಸವಿಲ್ಲದವರಿಗೂ ವಿಮೆ ಬಂತು. 2009ರಲ್ಲಿ ಮೂರು ವರ್ಷಗಳಿಗೆ 85,000 ಕೋಟಿ ಯುವಾನಿನ ಸುಧಾರಣೆ ಘೋಷಣೆಯಾಯಿತು. 2011ರ ಹೊತ್ತಿಗೆ ದೇಶದ ಶೇ 95ರಷ್ಟು ಜನರ ಹೆಸರು ಒಂದಲ್ಲ ಒಂದು ವಿಮೆಯಲ್ಲಿ ಸೇರಿತ್ತು. ನೂರಮೂವತ್ತು ಕೋಟಿಗೂ ಹೆಚ್ಚು ಜನರಿರುವ ದೇಶದಲ್ಲಿ ಎಂಟೇ ವರ್ಷಗಳಲ್ಲಿ ಇಷ್ಟಾದದ್ದು ಮೆಚ್ಚಬೇಕಾದ ಕೆಲಸ.

ಹಾಗಾದರೆ ಸಮಸ್ಯೆ ಮುಗಿಯಿತೆ?

ಪೂರ್ತಿ ಮುಗಿದಿಲ್ಲ. ವಿಮೆಯ ಪಟ್ಟಿಯಲ್ಲಿ ಹೆಸರಿರುವುದು ಒಂದು, ಬಿಲ್ಲಿನಲ್ಲಿ ಎಷ್ಟನ್ನು ವಿಮೆ ಕೊಡುತ್ತದೆ ಎಂಬುದು ಇನ್ನೊಂದು. ತಲಾ 30 ಯುವಾನ್ ಕೂಡಿಸಿದ ನಿಧಿಯಿಂದ ಸಾವಿರಾರು ಯುವಾನಿನ ಬಿಲ್ಲುಗಳನ್ನು ಎಷ್ಟು ತುಂಬಲು ಸಾಧ್ಯ? ಆದ್ದರಿಂದ ಷರತ್ತುಗಳು ಬಂದವು. ಮೊದಲ ಇಷ್ಟು ಯುವಾನ್ ರೋಗಿಯದೇ. ಅದರ ಮೇಲಿನದರಲ್ಲಿ ಇಂತಿಷ್ಟು ಪಾಲು ವಿಮೆಯದು, ಅದೂ ಒಂದು ಮಿತಿಯವರೆಗೆ. ಪಟ್ಟಿಯಲ್ಲಿಲ್ಲದ ಔಷಧಿಗೆ ಏನೂ ಇಲ್ಲ. ಹತ್ತಿರದ ಸಣ್ಣ ಆಸ್ಪತ್ರೆಯಲ್ಲಿ ಹೆಚ್ಚು ಪಾಲು, ದೊಡ್ಡ ನಗರದ ಆಸ್ಪತ್ರೆಯಲ್ಲಿ ಕಡಿಮೆ ಪಾಲು. ಆರಂಭದ ವರ್ಷಗಳಲ್ಲಿ ಬಹಳ ಕಡೆ ರೋಗಿಯೇ ಪೂರ್ತಿ ಹಣ ಕಟ್ಟಿ, ರಸೀದಿ ಹಿಡಿದು ಊರಿಗೆ ಹೋಗಿ ವಾಪಸು ಪಡೆಯಬೇಕಿತ್ತು. ಸಿಚುವಾನ್ ಪ್ರಾಂತ್ಯದ ಹಳ್ಳಿಯಿಂದ ಗುವಾಂಗ್‌ಡಾಂಗಿನ ಕಾರ್ಖಾನೆಗೆ ದುಡಿಯಲು ಬಂದವರು ಅಲ್ಲಿ ಕಾಯಿಲೆ ಬಿದ್ದರೆ, ಅವರ ವಿಮೆ ಇರುವುದು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಆಚೆ. ಬೇರೆ ಪ್ರಾಂತ್ಯದ ಆಸ್ಪತ್ರೆಯಲ್ಲೇ ಒಳರೋಗಿಯ ಬಿಲ್ಲನ್ನು ಚುಕ್ತಾ ಮಾಡುವ ವ್ಯವಸ್ಥೆ ದೇಶವ್ಯಾಪಿಯಾದದ್ದು 2017ರ ಸುಮಾರಿಗೆ.

ನಿಧಿ ಬೆಳೆದಂತೆ ಈ ಷರತ್ತುಗಳು ಸಡಿಲವಾದವು. ಒಟ್ಟು ವೆಚ್ಚದಲ್ಲಿ ಜನರ ಕೈಯಿಂದ ಹೋಗುವ ಪಾಲು 2020ಕ್ಕೆ ಶೇ 28ರ ಸಮೀಪಕ್ಕೆ ಇಳಿಯಿತು. ಇದರ ಜೊತೆಗೆ ವಂತಿಗೆಯೂ ಏರಿತು. 2003ರಲ್ಲಿ 10 ಯುವಾನ್ ಕಟ್ಟುತ್ತಿದ್ದ ರೈತರ ಪಾಲು 2024ರಲ್ಲಿ 400 ಯುವಾನ್ ಆಯಿತು. ಆ ವರ್ಷ ಸರ್ಕಾರ ತಲೆಗೆ 670 ಯುವಾನ್ ಸೇರಿಸಿತು. ಐದು ಜನರ ಬಡ ಮನೆಗೆ ವರ್ಷಕ್ಕೆ 2,000 ಯುವಾನ್ ಹಗುರವಲ್ಲ. ಈಚಿನ ವರ್ಷಗಳಲ್ಲಿ ಕೆಲವರು ವಿಮೆಯನ್ನೇ ಕೈಬಿಡುತ್ತಿರುವುದು ಅಲ್ಲಿ ಹೊಸ ಚಿಂತೆ.

ಆಸ್ಪತ್ರೆಯ ಕಡೆಯ ಸಮಸ್ಯೆಯನ್ನೂ ಕೈಗೆತ್ತಿಕೊಂಡರು. ಔಷಧಿಯ ಮೇಲಿನ ಶೇ 15ರ ಲಾಭವನ್ನು ಹಂತಹಂತವಾಗಿ ತೆಗೆದು, 2017ರಲ್ಲಿ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲೂ ನಿಲ್ಲಿಸಿದರು. ಅದರ ಬದಲಿಗೆ ವೈದ್ಯರ ಶ್ರಮಕ್ಕೆ ಬೆಲೆ ಏರಿಸಿದರು. ಬೀಜಿಂಗಿನ ದೊಡ್ಡ ಆಸ್ಪತ್ರೆಗಳಲ್ಲಿ ಸಾಮಾನ್ಯ ವೈದ್ಯರನ್ನು ಕಾಣುವ ಶುಲ್ಕ ಆ ವರ್ಷ 50 ಯುವಾನ್ ಆಯಿತು. ಅದರಲ್ಲಿ 40 ಯುವಾನನ್ನು ವಿಮೆ ಕೊಡುತ್ತದೆ. ಔಷಧಿಯ ಲಾಭ ನಿಂತಾಗ ಕೆಲವು ಆಸ್ಪತ್ರೆಗಳು ಅದನ್ನು ತುಂಬಿಕೊಳ್ಳಲು ಪರೀಕ್ಷೆಗಳನ್ನು ಹೆಚ್ಚಿಸಿದವು. ಅದಕ್ಕಾಗಿ ಈಗ ಬಿಡಿಬಿಡಿ ಬಿಲ್ಲಿನ ಬದಲು ಇಂಥ ಕಾಯಿಲೆಗೆ ಒಟ್ಟು ಇಷ್ಟು ಎಂದು ವಿಮಾ ನಿಧಿ ಆಸ್ಪತ್ರೆಗೆ ಕೊಡುವ ಪದ್ಧತಿಯನ್ನು ತರುತ್ತಿದ್ದಾರೆ.

ಇನ್ನೊಂದು ಮುಖ್ಯ ಬದಲಾವಣೆ 2018ರದು. ಎಲ್ಲ ಸರ್ಕಾರಿ ವಿಮೆಗಳನ್ನೂ ನೋಡಿಕೊಳ್ಳಲು ಒಂದೇ ರಾಷ್ಟ್ರೀಯ ಸಂಸ್ಥೆ ಬಂತು. ಅದೇ ವರ್ಷ ಬಿಡುಗಡೆಯಾದ ‘ಡೈಯಿಂಗ್ ಟು ಸರ್ವೈವ್’ ಎಂಬ ಚಲನಚಿತ್ರಕ್ಕೂ ನಮ್ಮ ದೇಶಕ್ಕೂ ನಂಟಿದೆ. ರಕ್ತದ ಕ್ಯಾನ್ಸರಿನ ಔಷಧಿಗೆ ಚೀನಾದಲ್ಲಿ ತಿಂಗಳಿಗೆ 23,000 ಯುವಾನಿಗೂ ಹೆಚ್ಚು ಬೆಲೆಯಿದ್ದ ಕಾಲದಲ್ಲಿ, ಭಾರತದಲ್ಲಿ ತಯಾರಾದ ಅಗ್ಗದ ಜೆನೆರಿಕ್ ಔಷಧಿಯನ್ನು ತರಿಸಿ ರೋಗಿಗಳಿಗೆ ಕೊಟ್ಟವರ ಕಥೆ ಅದು; ನಿಜವಾದ ಘಟನೆಯೊಂದನ್ನು ಆಧರಿಸಿದ್ದು. ಅದನ್ನು ನೋಡಿ ದೇಶವೇ ಔಷಧಿ ಬೆಲೆಯ ಬಗ್ಗೆ ಮಾತಾಡಿತು. ಹೊಸ ಸಂಸ್ಥೆ ಕೋಟ್ಯಂತರ ಜನರ ಪರವಾಗಿ ಕಂಪನಿಗಳ ಜೊತೆ ಚೌಕಾಸಿಗೆ ಕುಳಿತಿತು. ಮೊದಲ ಸುತ್ತಿನಲ್ಲಿ 11 ನಗರಗಳಿಗೆಂದು 25 ಔಷಧಿಗಳನ್ನು ಸಗಟಾಗಿ ಕೊಂಡಾಗ ಬೆಲೆ ಸರಾಸರಿ ಶೇ 52ರಷ್ಟು ಇಳಿಯಿತು. 2021ರಲ್ಲಿ ಮಕ್ಕಳ ಸ್ನಾಯು ಕ್ಷಯಿಸುವ ಅಪರೂಪದ ಕಾಯಿಲೆಯೊಂದರ ಔಷಧಿಗೆ ನಡೆದ ಮಾತುಕತೆಯನ್ನು ಟಿ.ವಿ.ಯಲ್ಲೂ ತೋರಿಸಿದರು. ಕಂಪನಿ ಒಂದು ಡೋಸಿಗೆ 53,680 ಯುವಾನ್ ಎಂದು ಆರಂಭಿಸಿತು. ಅಧಿಕಾರಿಗಳು ಒಪ್ಪಲಿಲ್ಲ. ಕಂಪನಿಯವರು ಮತ್ತೆ ಮತ್ತೆ ಎದ್ದು ಹೊರಗೆ ಹೋಗಿ ಮಾತಾಡಿಕೊಂಡು ಬಂದರು. ಕೊನೆಗೆ ಕುದುರಿದ್ದು 33,000 ಯುವಾನಿಗೆ. ಅದಕ್ಕೂ ಎರಡು ವರ್ಷ ಮೊದಲು ಚೀನಾಕ್ಕೆ ಬಂದಾಗ ಇದೇ ಡೋಸಿನ ಬೆಲೆ ಸುಮಾರು 7 ಲಕ್ಷ ಯುವಾನ್ ಇತ್ತು. ಹಾಸಿಗೆಯಲ್ಲಿ ಮಲಗಿದ ಮಗುವಿನ ತಂದೆತಾಯಿ ತಾವಿಬ್ಬರೇ ನಿಂತು ಈ ಚೌಕಾಸಿ ಮಾಡಲು ಸಾಧ್ಯವೇ ಇರಲಿಲ್ಲ. ಕೂಡಿಸಿಟ್ಟ ನಿಧಿಯ ಬಲ ಇದು: ಬಿಲ್ಲು ಕಟ್ಟುವುದರ ಜೊತೆಗೆ ಬಿಲ್ಲನ್ನು ಇಳಿಸಲೂ ಅದಕ್ಕೆ ಆಗುತ್ತದೆ. ಇದೂ ಮಾರುಕಟ್ಟೆಯ ವ್ಯವಹಾರವೇ. ಕೊಳ್ಳುವವರ ಕೈಯೂ ಗಟ್ಟಿಯಾಗಿರುವ ಮಾರುಕಟ್ಟೆಯದು.

ನಮ್ಮ ಕಡೆಗೆ ಒಂದು ನೋಟ

ನೀವು ಕರ್ನಾಟಕದವರಾದ್ದರಿಂದ ಇದೂ ನಿಮಗೆ ಹತ್ತಿರದ್ದೆನಿಸಬಹುದು. ಚೀನಾದ ಹೊಸ ಗ್ರಾಮೀಣ ವಿಮೆ ಶುರುವಾದ 2003ರಲ್ಲೇ ನಮ್ಮ ರಾಜ್ಯದಲ್ಲಿ ಯಶಸ್ವಿನಿ ಯೋಜನೆ ಜಾರಿಗೆ ಬಂತು. ಸಹಕಾರ ಸಂಘದ ಸದಸ್ಯರಾದ ರೈತರು ತಿಂಗಳಿಗೆ 5 ರೂಪಾಯಿ, ವರ್ಷಕ್ಕೆ 60 ರೂಪಾಯಿ ಕಟ್ಟಿದರೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಹಣ ಕಟ್ಟದೆ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬಹುದಿತ್ತು. ಸರ್ಕಾರವೂ ಒಂದು ಪಾಲು ಹಾಕಿತು. ಸಂಘದ ಕಚೇರಿಯಲ್ಲೇ ವಂತಿಗೆ ಕೂಡುತ್ತಿದ್ದದ್ದರಿಂದ ಮನೆಮನೆ ತಿರುಗುವ ಖರ್ಚು ಉಳಿಯಿತು. 2018ರಲ್ಲಿ ಅದನ್ನು ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಸೇರಿಸಿ, 2022ರಲ್ಲಿ ಮತ್ತೆ ಆರಂಭಿಸಿದರು. ಭಾರತದಲ್ಲಿ ಜನರು ಕೈಯಿಂದ ಕೊಡುವ ಪಾಲು ರಾಷ್ಟ್ರೀಯ ಆರೋಗ್ಯ ಲೆಕ್ಕದ ಪ್ರಕಾರ 2013-14ರಲ್ಲಿ ಶೇ 64 ಇದ್ದದ್ದು 2021-22ರಲ್ಲಿ ಶೇ 39ಕ್ಕೆ ಇಳಿದಿದೆ. ದಾರಿ ನಮಗೂ ಇನ್ನೂ ಉಳಿದಿದೆ.

ಈಗ ನಿಮ್ಮ ಪ್ರಶ್ನೆಗಳಿಗೆ ಚಿಕ್ಕ ಉತ್ತರಗಳು. ಹಿರಿಯರ ಮಾತು, ನೀವು ಓದಿದ್ದು, ಎರಡೂ ನಿಜ, ಕಾಲ ಬೇರೆ. ಆಸ್ಪತ್ರೆಗಳನ್ನು ಮಾರಿದ್ದು ಕಾರಣವಲ್ಲ. ಊರಿನ ನಿಧಿ ಕರಗಿದ್ದು, ಸರ್ಕಾರ ತನ್ನ ಪಾಲು ಇಳಿಸಿದ್ದು, ಆಸ್ಪತ್ರೆಗಳು ಔಷಧಿ ಮಾರಿ ಬದುಕುವಂತೆ ದರಪಟ್ಟಿ ಇದ್ದದ್ದು, ಈ ಮೂರೂ ಸೇರಿ ಹಾಗಾಯಿತು. ಎಲ್ಲರಿಗೂ ವಿಮೆ ಬಂದದ್ದು ದೊಡ್ಡ ಹೆಜ್ಜೆ, ಆದರೆ ಅದು ಎಷ್ಟು ಖರ್ಚನ್ನು ಹೊರುತ್ತದೆ ಎಂಬುದರ ಮೇಲೆ ಅದರ ಬೆಲೆ ನಿಂತಿದೆ. ಇನ್ನು ಮುಂದೆ ಯಾವ ದೇಶದ, ಯಾವ ರಾಜ್ಯದ ಆರೋಗ್ಯ ಯೋಜನೆಯ ಸುದ್ದಿ ಓದಿದರೂ ಮೂರು ವಿಷಯ ಹುಡುಕಿ ನೋಡಿ: ಹಣವನ್ನು ಯಾರಿಂದ ಕೂಡಿಸುತ್ತಾರೆ, ಅದೂ ಕಾಯಿಲೆ ಬರುವ ಮುಂಚೆಯೋ ಬಂದ ಮೇಲೋ; ಬಿಲ್ಲಿನಲ್ಲಿ ರೋಗಿಗೆ ಉಳಿಯುವ ಪಾಲು ಎಷ್ಟು; ಆಸ್ಪತ್ರೆ ಹೆಚ್ಚು ದುಡಿಯುವುದು ರೋಗಿ ಗುಣವಾದಾಗಲೋ, ಬಿಲ್ಲು ಬೆಳೆದಾಗಲೋ. ಈ ಮೂರಕ್ಕೆ ಉತ್ತರ ಸಿಕ್ಕರೆ ಆ ಯೋಜನೆ ಎಂಥದ್ದೆಂದು ನೀವೇ ಹೇಳಬಲ್ಲಿರಿ.